ವಸ್ತಾದರು ಕೊಟ್ಟ ಆರು ಗುಳಿಗೆ

ವಸ್ತಾದರ ಬೆರಳುಗಳು ಎಷ್ಟು ದಪ್ಪ ಇದ್ದವೆಂದರೆ ಅಂಗಿಯ ಗುಂಡಿಗಳನ್ನು ಅವರ ಹೆಂಡತಿಯೇ ಹಾಕಿಕೊಡಬೇಕಾಗಿತ್ತು. ಮೊಬೈಲಿನಲ್ಲಿ ಒಂದು ಅಂಕಿ ಒತ್ತಿದರೆ ಮೂರು ಬೀಳುತ್ತಿದ್ದವು. ಯಾರಿಗಾದರೂ ಫೋನ್ ಮಾಡಬೇಕಾದರೆ "ಏ ತಮ್ಮಾ, ಒಂದೀಟು ಒತ್ತಿಕೊಡಪಾ" ಎಂದು ನಮ್ಮ ಕೈಗೆ ಕೊಡುತ್ತಿದ್ದರು. ಎಡಗೈಯ ಕಿರುಬೆರಳು ಎಂದೋ ಕುಸ್ತಿಯಲ್ಲಿ ಮುರಿದು ಹೊರಕ್ಕೆ ಬಾಗಿತ್ತು. ಕೈ ಮುಗಿದರೆ ಅದೊಂದೇ ಬೇರೆ ಕಡೆ ನೋಡುತ್ತಿತ್ತು. ಇಂಥ ಕೈಗಳಿಂದ ಸಣ್ಣ ಕೆಲಸ ಯಾವುದೂ ಆಗದು ಎಂದು ನಾವೆಲ್ಲ ತಿಳಿದಿದ್ದೆವು.

ಬೈಲಹೊಂಗಲದ ನಮ್ಮ ಜಿಮ್ಮಿಗೆ ಅವರೇ ಯಜಮಾನರು, ಅವರೇ ತರಬೇತಿ ಕೊಡುವವರು, ಬೆಳಿಗ್ಗೆ ಕಸ ಹೊಡೆಯುವವರೂ ಅವರೇ. ಹಿಂದೆ ಅದು ಗರಡಿಮನೆ. ಕೆಮ್ಮಣ್ಣು ತೆಗೆಸಿ, ರಬ್ಬರಿನ ಹಾಸು ಹಾಕಿಸಿ, ಗೋಡೆಗೆ ಕನ್ನಡಿ ಕೂರಿಸಿದ ಮೇಲೂ ನಾವು ಅವರನ್ನು ಸರ್ ಅನ್ನಲಿಲ್ಲ, ಕೋಚ್ ಅನ್ನಲಿಲ್ಲ. ಗರಡಿಯ ಗುರುವನ್ನು ಕರೆಯುವಂತೆ ವಸ್ತಾದರು ಎಂದೇ ಕರೆದೆವು. ಸಂಪಗಾಂವ, ಕಿತ್ತೂರು ಕಡೆಯಿಂದ ಬೈಕಿನಲ್ಲಿ ಬರುವವರೂ ಇದ್ದರು. ಹೊಸದಾಗಿ ಬಂದವರು ಮೊದಲು ಹೊಟ್ಟೆ ತೋರಿಸಬೇಕು. ಎರಡು ಬೆರಳಲ್ಲಿ ಚಿವುಟಿ ಹಿಡಿದು, "ಇದು ನಿಂದಲ್ಲೋ, ನಿಮ್ಮವ್ವನ ತುಪ್ಪದ್ದು. ವಾಪಸ್ ಕೊಟ್ಟು ಬಾ" ಅನ್ನುತ್ತಿದ್ದರು. ನನ್ನ ಹೊಟ್ಟೆಯನ್ನು ಮಾತ್ರ ಎರಡು ಬೆರಳು ಸಾಲದೆ ಅಂಗೈ ತುಂಬ ಹಿಡಿದು, "ನಿಮ್ಮವ್ವ ಭಾಳ ಪ್ರೀತಿ ಮಾಡ್ಯಾಳ" ಅಂದರು. ಇಡೀ ಜಿಮ್ಮು ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಆಗ ನಾನು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮದುವೆಯಾಗಿ ಒಂದು ವರ್ಷ. ಜೀವನದಲ್ಲಿ ಒಂದೇ ಒಂದು ಸಲ ದೇಹದಾರ್ಢ್ಯ ಸ್ಪರ್ಧೆಯ ವೇದಿಕೆ ಹತ್ತಬೇಕು, ಹೊಟ್ಟೆಯ ಮೇಲೆ ಆರು ಗೆರೆ ಕಾಣಬೇಕು. ಇಷ್ಟೇ ಹುಚ್ಚು. ತೋಳು, ಎದೆ ಬೇಗ ಬಂದವು. ಹೊಟ್ಟೆ ಮಾತ್ರ ಜಪ್ಪಯ್ಯ ಅಂದರೂ ಕರಗಲಿಲ್ಲ.

ಅದೇ ಹೊತ್ತಿಗೆ ಎಲ್ಲರ ಮೊಬೈಲಿನಲ್ಲೂ ಆ ಕಪ್ಪು ಡಬ್ಬಿ ಕಾಣಿಸಿಕೊಂಡಿತು. ಮೇಲೆ ಬೆಂಕಿಯ ಚಿತ್ರ, ಒಳಗೆ ಬೊಜ್ಜು ಕರಗಿಸುವ ಗುಳಿಗೆ. ಜಿಮ್ಮಿನಲ್ಲಿ ಬೇರೆ ಮಾತೇ ಇಲ್ಲ. ತಗೋಬೇಕೋ ಬ್ಯಾಡೋ, ಕೊಟ್ಟ ದುಡ್ಡಿಗೆ ಲಾಯಕ್ಕೋ ಅಲ್ಲವೋ. ವಸ್ತಾದರು ಒಂದಲ್ಲ, ಮೂರು ಸಲ ಕೂರಿಸಿಕೊಂಡು ಹೇಳಿದರು: "ಬ್ಯಾಡ್ರೋ. ಅದು ಎದಿ ಬಡಿತ ಏರಸತೈತಿ, ಹೊಟ್ಟಿ ಇಳಸೂದಿಲ್ಲ. ರಾತ್ರಿ ತಿನ್ನೂ ನಾಕು ರೊಟ್ಟ್ಯಾಗ ಎರಡು ಬಿಡ್ರಿ, ದಿನಾ ಹರದಾರಿ ನಡೀರಿ. ಇದಕ್ಕ ಯಾರಿಗರ ರೊಕ್ಕ ಕೊಡಬೇಕೇನು?"

ಯಾರು ಕೇಳಬೇಕು? ಎರಡು ರೊಟ್ಟಿ ಬಿಡುವುದರಲ್ಲಿ ಏನು ದೊಡ್ಡಸ್ತಿಕೆ ಇದೆ? ಎಲ್ಲರ ಪರವಾಗಿ ಮುಂದೆ ಹೋಗಿ ನಿಂತವನು ನಾನು. "ವಸ್ತಾದ್ರ, ನೀವು ತರಿಸಿಕೊಡಲಿಲ್ಲಂದ್ರ ನಾವು ಹೊಸಾ ಜಿಮ್ಮಿಗೆ ಹೊಕ್ಕೇವ್ರಿ. ಅಲ್ಲಿ ಎ.ಸಿ. ಐತಿ, ಗುಳಗೀನೂ ಎದುರಿಗೇ ಇಟ್ಟಾರ" ಅಂದೆ. ಕೈಕಟ್ಟಿಕೊಂಡು, ತೋಳು ಉಬ್ಬಿಸಿಕೊಂಡು ಅಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಮುಖ ತೊಳೆಯಲು ಒಳಗೆ ಹೋದರು.

ಹದಿನೈದು ದಿನದಲ್ಲಿ ಅವರ ಕಪಾಟಿನಲ್ಲಿ ಅದೇ ಕಪ್ಪು ಡಬ್ಬಿ ಕೂತಿತ್ತು. ನಮಗೋ ಗೆದ್ದ ಖುಷಿ. ಆದರೆ ಡಬ್ಬಿಯನ್ನು ಯಾರ ಕೈಗೂ ಕೊಡಲಿಲ್ಲ. ತಾವೇ ಎಣಿಸಿ ದಿನಕ್ಕೆ ಆರು ಗುಳಿಗೆ ಅಂಗೈಗೆ ಹಾಕುತ್ತಿದ್ದರು. ಜೊತೆಗೆ ಕಟ್ಟಳೆಗಳು: "ಇದು ಹತ್ತಬೇಕಂದ್ರ ಹೊತ್ತು ಮುಳುಗಿದ ಮ್ಯಾಲೆ ರೊಟ್ಟಿ ಮುಟ್ಟಂಗಿಲ್ಲ. ಸಂಪಗಾಂವ ರಸ್ತ್ಯಾಗ ದಿನಾ ಹರದಾರಿ ನಡೀಬೇಕು. ಚಾದಾಗ ಸಕ್ಕರಿ ಬಂದ್. ಒಂದು ತಪ್ಪಿದ್ರೂ ಗುಳಗಿ ತಿರುಗಿ ಬಡೀತೈತಿ." ತಿರುಗಿ ಬಡಿಯುತ್ತದೆ ಎಂಬ ಹೆದರಿಕೆಗೆ ನಾವು ಎಲ್ಲವನ್ನೂ ಶಿಸ್ತಾಗಿ ಪಾಲಿಸಿದೆವು. ಗುಳಿಗೆಗೆಂದು ನಾವು ಕೊಟ್ಟ ದುಡ್ಡು ವಸ್ತಾದರು ಹಂಚುವ ಬೇಯಿಸಿದ ಮೊಟ್ಟೆ, ಮೊಳಕೆ ಕಾಳು ಆಗಿ ನಮ್ಮ ಹೊಟ್ಟೆಗೇ ಬರುತ್ತಿತ್ತು, ಅದು ಆಗ ತಿಳಿಯಲಿಲ್ಲ. ನಾಲ್ಕು ತಿಂಗಳಲ್ಲಿ ನನ್ನ ಹೊಟ್ಟೆಯ ಮೇಲೆ ಗೆರೆ ಮೂಡಿತು. ತಾಲೂಕು ಮಟ್ಟದ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ಸಿಕ್ಕಸಿಕ್ಕವರಿಗೆಲ್ಲ ನಾನು ಗುಳಿಗೆಯ ಗುಣಗಾನ ಮಾಡಿದೆ. ವಸ್ತಾದರು ಪಕ್ಕದಲ್ಲೇ ಇದ್ದರೆ ಹೊಂಟು ಹೋಗುತ್ತಿದ್ದರು. ಹೊಗಳಿಕೆ ಅವರಿಗೆ ಸೇರದು ಅಂದುಕೊಂಡೆ.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ನನ್ನ ಧಣಿಗಳು ಮುನವಳ್ಳಿಯಲ್ಲಿ ಇನ್ನೊಂದು ಅಂಗಡಿ ತೆರೆದು, ಅದು ಒಂದು ಹದಕ್ಕೆ ಬರುವ ತನಕ ಅಲ್ಲೇ ಇರು ಎಂದು ನನ್ನನ್ನು ಕಳಿಸಿದರು. ಜಿಲ್ಲಾ ಸ್ಪರ್ಧೆಗೆ ಒಂದೂವರೆ ತಿಂಗಳಿತ್ತು. ವಸ್ತಾದರ ಹತ್ತಿರ ದಿನಾ ಬರಲಾಗದು. ಬೆಳಗಾವಿಗೆ ಹೋದಾಗ ಅದೇ ಕಪ್ಪು ಡಬ್ಬಿ, ಅದೇ ಬೆಂಕಿಯ ಚಿತ್ರ ಕಂಡಿತು, ಕೊಂಡೆ. ದಿನಕ್ಕೆ ಎರಡು ಮೀರಬಾರದು ಎಂದು ಅದರ ಮೇಲೆ ಬರೆದಿದ್ದನ್ನು ಓದಿ ನಕ್ಕೆ. ಎರಡು ವರ್ಷ ಆರಾರು ನುಂಗಿ ಅರಗಿಸಿಕೊಂಡವನಿಗೆ ಇವರೇನು ಹೇಳುವುದು? ಆರನ್ನೇ ನುಂಗಿದೆ. ಮೊದಲ ದಿನವೇ ಕೈ ನಡುಗಿತು, ನಿದ್ದೆ ಹಾರಿತು, ಎದೆ ಕಿವಿಯಲ್ಲಿ ಬಡಿಯತೊಡಗಿತು. ಈ ಸಲದ ಮಾಲು ಜೋರಿದೆ, ಚೆನ್ನಾಗಿ ಕರಗಿಸುತ್ತಿದೆ ಎಂದು ಹಿಗ್ಗಿದೆ. ಇಂಥ ಮಂಕನನ್ನು ನೀವು ನೋಡಿರಲಿಕ್ಕಿಲ್ಲ. ಐದನೇ ದಿನ ಬೆಳಿಗ್ಗೆ ನವಿಲುತೀರ್ಥದ ಕಡೆ ನಡೆಯುತ್ತಿದ್ದಾಗ ಕಾಲುವೆಯ ಏರಿಯ ಮೇಲೆ ಕುಸಿದುಬಿದ್ದೆ.

ಕಣ್ಣು ಬಿಟ್ಟಾಗ ಸವದತ್ತಿಯ ದವಾಖಾನೆ. ಎದೆಯ ತುಂಬ ವೈರು. ಡಾಕ್ಟರು ನನ್ನ ಕಪ್ಪು ಡಬ್ಬಿ ಕೈಯಲ್ಲಿ ಹಿಡಿದು ಕೇಳಿದರು: "ಈ ಗುಳಗಿ ಯಾವಾಗಿಂದ ತಗೊಳ್ಳಾಕ ಹತ್ತೀರಿ?"

"ಎರಡು ವರ್ಷ ಆತ್ರಿ. ದಿನಾ ಆರು."

ಅವರು ನನ್ನ ಮುಖ ನೋಡಿ, "ಸುಳ್ಳು ಹೇಳಬ್ಯಾಡ್ರಿ. ದಿನಾ ಆರು ತಗೊಂಡಿದ್ರ ಇಷ್ಟು ದಿನ ನೀವು ಇರತಿರಲಿಲ್ಲ" ಅಂದರು.

ನನ್ನ ಹೆಂಡತಿ ಫೋನಿನಲ್ಲಿ ಎಲ್ಲ ತಿಳಿಸಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ವಸ್ತಾದರು ಬಸ್ಸು ಹಿಡಿದು ಬಂದರು. ಅಂಗಿಯ ಮೇಲಿನ ಎರಡು ಗುಂಡಿ ಹಾಕಿರಲಿಲ್ಲ. ಮಂಚದ ಹತ್ತಿರ ಬರದೆ, ಬಾಗಿಲಲ್ಲೇ ನಿಂತು ಡಾಕ್ಟರಿಗೆ ಕೈ ಮುಗಿದರು. "ಅಂವ ಖರೇನ ಹೇಳಾಕತ್ತಾನ್ರಿ ಸಾಹೇಬ್ರ. ದಿನಾ ಆರು ನಾನ ಕೊಟ್ಟೇನಿ. ಆದ್ರ ಅದರಾಗಿದ್ದದ್ದು ಹುರಳಿ ಹಿಟ್ಟು, ಜೀರಿಗಿ ಪುಡಿ. ಅಸಲಿ ಮಾಲು ಗಟಾರಕ್ಕ ಸುರುವಿ, ಡಬ್ಬಿ ಅಷ್ಟ ಇಟಕೊಂಡಿದ್ದೆ."

ಮಧ್ಯಾಹ್ನ ಜಿಮ್ಮು ಮುಚ್ಚಿದ ಮೇಲೆ ಒಳಕೋಣೆಯಲ್ಲಿ ಕೂತು, ಅಂಗಿಯ ಗುಂಡಿ ಹಾಕಲಾರದ ಆ ಬೆರಳುಗಳಿಂದ ಖಾಲಿ ಕ್ಯಾಪ್ಸೂಲಿನ ಸಿಪ್ಪೆ ತೆರೆದು, ಚಿಟಿಕೆ ಚಿಟಿಕೆ ಹಿಟ್ಟು ತುಂಬಿ ಮುಚ್ಚುತ್ತಿದ್ದರಂತೆ. ಎರಡು ವರ್ಷ! ನಮ್ಮ ಎದೆ ಉಳಿಯಲಿ ಎಂದು ಆ ಮನುಷ್ಯ ಎರಡು ವರ್ಷ ಈ ಕೆಲಸ ಮಾಡಿದ್ದರು. ಇದನ್ನು ಈಗ ಹೀಗೆ ಬರೆಯುತ್ತೇನೆ. ಅಂದು ನನಗೆ ಬಂದದ್ದು ಸಿಟ್ಟು ಮಾತ್ರ. ನಾನು ಬಾಯಿ ತೆರೆಯುವ ಮೊದಲೇ ಮಂಚದ ಪಕ್ಕ ನಿಂತಿದ್ದ ನನ್ನ ಹೆಂಡತಿ ಅಂದಳು: "ನೀವು ಕೊಟ್ಟದ್ದು ಸುಳ್ಳು ಗುಳಗಿ ಖರೆ, ಕಾಕಾರ. ಇವರಿಗೆ ಬಂದದ್ದು ಖರೇ ಬ್ಯಾನಿ. ಆರು ತಿಂದ್ರೂ ಏನೂ ಆಗೂದಿಲ್ಲಂತ ಕಲಿಸಿದವರು ಯಾರು?" ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

ಮರುದಿನ ಜಿಮ್ಮಿನಲ್ಲಿ ಎಲ್ಲರನ್ನೂ ಕೂರಿಸಿ, ಗುಳಿಗೆ ಒಡೆದು ಹಿಟ್ಟು ತೋರಿಸಿದರಂತೆ. ಸುದ್ದಿ ಕೇಳಿದ ಯಾರಿಗೂ, ಹಾಗಾದರೆ ನಾವು ಕರಗಿದ್ದು ನಡಿಗೆಯಿಂದ, ಬಿಟ್ಟ ರೊಟ್ಟಿಯಿಂದ ಎಂದು ಹೊಳೆಯಲಿಲ್ಲ. ಹಿಟ್ಟು ತಿನ್ನಿಸಿ ಟೋಪಿ ಹಾಕಿದ ಎಂದರು. ಅರ್ಧದಷ್ಟು ಜನ ಹೊಸ ಜಿಮ್ಮಿಗೆ ಹೋಗಿ, ನಿಜವಾದ ಡಬ್ಬಿಯನ್ನೇ ಕೊಂಡರು.

ಭಾರ ಎತ್ತಬಾರದು ಎಂದು ಡಾಕ್ಟರು ನನಗೆ ಕಟ್ಟಪ್ಪಣೆ ಮಾಡಿದ್ದರು. ಸ್ಪರ್ಧೆ ಮುಗಿದ ಮಾತಾಯಿತು. ಬೈಲಹೊಂಗಲದ ಮನೆಗೆ ಬಂದು ಕೂತೆ. ಸೋಮವಾರ ಜಿಮ್ಮಿಗೆ ರಜೆ. ಪ್ರತಿ ಸೋಮವಾರ ಸಂಜೆ ವಸ್ತಾದರು ಬರುತ್ತಿದ್ದರು. ಚಪ್ಪಲಿ ಬಿಟ್ಟು ನನ್ನ ಪಕ್ಕ ಕೂತು, ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡುತ್ತ ನಾಡಿ ಎಣಿಸುತ್ತಿದ್ದರು. ಡಾಕ್ಟರ ಹತ್ತಿರ ಕೇಳಿ ಕಲಿತಿದ್ದರಂತೆ. ನಾನು ಮಾತಾಡುತ್ತಿರಲಿಲ್ಲ. ಎಣಿಸಿದ್ದನ್ನು ನನ್ನ ಹೆಂಡತಿಗೆ ಹೇಳುತ್ತಿದ್ದರು: "ಎಪ್ಪತ್ತಾರು ಐತವಾ. ಚಲೋ ಐತಿ." ಅವಳ ಸಿಟ್ಟು ಮೂರನೇ ವಾರಕ್ಕೇ ಇಳಿಯಿತು, ಅವರಿಗೆ ಚಹಾ ಕೊಡತೊಡಗಿದಳು. ನನ್ನದು ಇಳಿಯಲಿಲ್ಲ. ಒಂದು ಸೋಮವಾರ ಅವರು ಕೈ ಬಿಡದೆ ನನಗೇ ಹೇಳಿದರು: "ತಮ್ಮಾ, ಎರಡು ಕೊಟ್ರ ನೀವು ನಂಬೂದಿಲ್ಲಂತ ಆರು ಕೊಟ್ಟೆ ನೋಡು. ಎರಡ ಕೊಡಬೇಕಾಗಿತ್ತು." ನಾನು ಕೈ ಎಳೆದುಕೊಂಡು ಟೀವಿಯ ಸದ್ದು ಹೆಚ್ಚು ಮಾಡಿದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಎಂಟು ತಿಂಗಳು ಹೀಗೆ. ಹೋದ ವರ್ಷ ಶ್ರಾವಣದಲ್ಲಿ, ಒಂದು ಬುಧವಾರ ಬೆಳಿಗ್ಗೆ, ಜಿಮ್ಮಿನ ಕಸ ಹೊಡೆಯುತ್ತಿದ್ದವರು ಅಲ್ಲೇ ಕೂತರು, ಮತ್ತೆ ಏಳಲಿಲ್ಲ. ಎರಡು ದಿನದ ಹಿಂದೆ ನನ್ನ ನಾಡಿ ನೋಡಿ ಹೋಗಿದ್ದರು.

ಈಗ ಹುಡುಗರು ನನ್ನನ್ನು ಕೇಳುತ್ತಾರೆ, ಆ ಡಬ್ಬಿ ಕೊಳ್ಳಬೇಕೋ ಬೇಡವೋ ಎಂದು. ಬೇಡ. ಹಿಟ್ಟು ನುಂಗಿದಾಗ ಕರಗಿದವನು, ಗುಳಿಗೆ ನುಂಗಿದಾಗ ಬಿದ್ದವನು ನಾನೇ ಎದುರಿಗೆ ಕೂತಿದ್ದೇನೆ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಅನ್ನುತ್ತೇನೆ. ಹೂಂ ಅಂದು ಹೋಗುತ್ತಾರೆ. ಅವರಲ್ಲಿ ಎಷ್ಟು ಜನ ಕೊಳ್ಳುತ್ತಾರೋ ಗೊತ್ತಿಲ್ಲ. ಖರೆ ಹೇಳಿ ಸೋತವನ ಸಂಕಟ ಏನೆಂದು ನನಗೆ ಈಗ ತಿಳಿಯುತ್ತಿದೆ.

ವಸ್ತಾದರು ತೀರಿದ ಐದನೇ ದಿನ ಅವರ ಮನೆಗೆ ಹೋದೆ. ವಸ್ತಾದರ ಹೆಂಡತಿಯನ್ನು ನಾವೆಲ್ಲ ಕಾಕು ಅನ್ನುತ್ತಿದ್ದೆವು. ಒಬ್ಬರೇ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಎದುರಿಗೆ ಕೂತು, ಎಂಟು ತಿಂಗಳಲ್ಲಿ ವಸ್ತಾದರಿಗೆ ಒಮ್ಮೆಯೂ ಹೇಳದೆ ಉಳಿದದ್ದನ್ನು ಹೇಳಿದೆ. "ಕಾಕು, ಗುಳಗಿ ತರಸ್ರಿ ಅಂತ ಹಟಾ ಹಿಡದಾವ ನಾನ. ಇಲ್ಲಂದ್ರ ಹೊಸಾ ಜಿಮ್ಮಿಗೆ ಹೊಕ್ಕೇವಂತ ಹೆದರಿಸಿದಾವನೂ ನಾನ. ಅವರದೇನೂ ತಪ್ಪಿಲ್ರಿ, ತಪ್ಪು ನಂದು."

ಕಾಕು ಆರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಇದನ್ನ ನನಗ್ಯಾಕ ಹೇಳತೀಯಪಾ? ಪ್ರತಿ ಸೋಮವಾರ ನಿಮ್ಮನಿಯಿಂದ ಬಂದ ಕೂಡ್ಲೆ ನಾ ಕೇಳತಿದ್ದೆ, ಇವತ್ತರ ಏನರ ಮಾತಾಡಿದ್ನೇನ್ರಿ ಅಂತ. 'ಇಲ್ಲ, ನಾಡಿ ಚಲೋ ಐತಿ' ಅಂತಿದ್ರು."