ರುಮಾಲಿನ ಕೆಳಗಿನ ಕಿವಿಯಂತ್ರ

ಗುರುಪಾದಪ್ಪ ಕಾಕಾನ ಬರಿದಲೆಯನ್ನು ನಾನು ಮೊದಲ ಸಲ ನೋಡಿದ್ದು ವಿಜಯಪುರದ ಒಂದು ಕಿವಿಯಂತ್ರದ ಅಂಗಡಿಯಲ್ಲಿ. ಆಗ ನನಗೆ ನಲವತ್ತು ತುಂಬಿತ್ತು, ಅವನಿಗೆ ಎಪ್ಪತ್ತು ದಾಟಿತ್ತು. ತಿಕೋಟಾದಲ್ಲಿ ನಮ್ಮ ಮನೆಗೂ ಅವನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆದರೂ ರುಮಾಲಿಲ್ಲದ ಆ ತಲೆಯನ್ನು ಒಮ್ಮೆಯೂ ಕಂಡಿರಲಿಲ್ಲ. ಬೆಳಿಗ್ಗೆ ಮುಖ ತೊಳೆದವನೇ ಅರ್ಧ ಕಿವಿ ಮುಚ್ಚುವಂತೆ ಬಿಗಿಯಾಗಿ ಸುತ್ತಿಕೊಂಡರೆ, ಅದು ಗೂಟಕ್ಕೆ ಹೋಗುತ್ತಿದ್ದದ್ದು ಮಲಗುವಾಗಲೇ. ಮನೆಯಲ್ಲಿ ಸಾವಾದಾಗ ಮಾತ್ರ ಗಂಡಸು ಬರಿದಲೆಯಲ್ಲಿ ಕೂರಬೇಕು ಎಂಬುದು ಅವನ ಲೆಕ್ಕ.

ನಲವತ್ತು ವರ್ಷ ಅವನು ಹಿಟ್ಟಿನ ಗಿರಣಿ ನಡೆಸಿದ. ಬೆಲ್ಟಿನ ಪಟಪಟ, ಕಲ್ಲಿನ ಗರಗರದ ನಡುವೆ ನಿಂತು ನಿಂತೇ ಕಿವಿ ಹೋಯಿತು. ಜೋಳದ ಡಬ್ಬಿ ತಂದ ಹೆಂಗಸರು ಸಣ್ಣಗೆ ಬೀಸಬೇಕೋ ದಪ್ಪಗೋ ಎಂಬುದನ್ನು ಬೆರಳಿನ ಸನ್ನೆಯಲ್ಲೇ ಹೇಳುತ್ತಿದ್ದರು. ಅವನು ಬೀಳುವ ಹಿಟ್ಟನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, "ಇದರ ರೊಟ್ಟಿ ಹರದ್ರ ತಂದು ನನ್ನ ಮುಂದ ಒಗೀರಿ" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಚಿಕ್ಕವರಿದ್ದಾಗ ನಾವು ಅವನ ಮುಂದೆ ಸುಮ್ಮನೆ ತುಟಿ ಆಡಿಸಿ ಚೇಷ್ಟೆ ಮಾಡುತ್ತಿದ್ದೆವು. ಅವನಿಗೆ ಅದು ತಿಳಿಯದ್ದೇನಲ್ಲ. "ಕೇಳದಿದ್ರ ಏನಾತ್ರಲೇ, ಅರ್ಧಾ ಜಗಳಾ ಕಡಿಮಿ ಆದುವು" ಎಂದು ತಾನೂ ನಗುತ್ತಿದ್ದ.

ಆ ನಗು ನಿಂತದ್ದು ಅವನ ಹೆಂಡತಿ ಶಾಂತವ್ವ ಕಾಕುಗೆ ಲಕ್ವಾ ಹೊಡೆದ ಮೇಲೆ. ಕಾಕುನ ಬಲಗೈ ಬಲಗಾಲು ಬಿದ್ದುಹೋದವು, ಧ್ವನಿ ಸೋತಿತು. ಮಕ್ಕಳಿರಲಿಲ್ಲ. ಗಿರಣಿ ಬಿಟ್ಟು ಅವನೇ ಅವಳ ಸೇವೆಗೆ ನಿಂತ. ಅವಳು ಮಂಚದ ಮೇಲಿಂದ "ಕೇಳೀರೇನ್ರಿ" ಎಂದು ಕರೆದರೆ ಗೋಡೆಯಾಚೆ ಅಡುಗೆ ಮಾಡುತ್ತಿದ್ದ ನಮ್ಮವ್ವನಿಗೆ ಕೇಳುತ್ತಿತ್ತು, ಹೊರಗೆ ಕಟ್ಟೆಯ ಮೇಲಿದ್ದ ಗಂಡನಿಗೆ ಕೇಳುತ್ತಿರಲಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿ ಬಂದು, ಅವನ ಮುಂದೆ ನಿಂತು ಕೈಸನ್ನೆ ಮಾಡಿ ಒಳಗೆ ಕಳಿಸುತ್ತಿದ್ದಳು.

ಒಂದು ದಿನ ಅವನೇ ನನ್ನ ಹತ್ತಿರ ಬಂದ. "ತಮ್ಮಾ, ಅಕಿ ನೀರಿಗಿ ಕರೀತಿರ್ತಾಳ, ನಾ ಓಣಿ ನೋಡ್ಕೋತ ಕುಂತಿರ್ತೇನಿ. ಮಂದಿ ಮಾತು ನನಗ ಕೇಳೂದು ಬ್ಯಾಡ. ಅಕಿ ಕರದದ್ದೊಂದು ಕೇಳಿದ್ರ ಸಾಕು. ಪ್ಯಾಟ್ಯಾಗ ಮಷೀನ ಸಿಗತೈತಂತಲ್ಲ, ಕೊಡಸು."

ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಗುಮಾಸ್ತ. ನಮ್ಮ ಓಣಿಯಲ್ಲಿ ಪೇಟೆಯ ವ್ಯವಹಾರ ತಿಳಿದವನು ನಾನೊಬ್ಬನೇ ಎಂಬ ಹಮ್ಮು ನನಗೆ ಬೇಕಾದಷ್ಟಿತ್ತು. ಅಂಗಡಿಯಲ್ಲಿ ಕಿವಿ ಪರೀಕ್ಷೆ ಮಾಡುವ ಹುಡುಗಿ ರುಮಾಲು ತೆಗೆಯಲು ಹೇಳಿದಾಗ ಕಾಕಾ ಹಿಂದೆ ಮುಂದೆ ನೋಡಿ, ಬಿಚ್ಚಿ ನನ್ನ ಕೈಗೆ ಕೊಟ್ಟ. ಪರೀಕ್ಷೆ ಮುಗಿಸಿ ಅವಳು ಮೂರು ಯಂತ್ರ ತಂದಿಟ್ಟಳು. ಕಿವಿಯ ತೂತಿನಲ್ಲೇ ಅಡಗುವ ಸಣ್ಣದು ಇಷ್ಟು ಕಿವುಡಿಗೆ ಸಾಲದೆಂದು ತಾನೇ ಪಕ್ಕಕ್ಕಿಟ್ಟಳು. ಉಳಿದದ್ದು ಎರಡು. ಒಂದು ಕಿವಿಯ ಹಿಂದೆ ಸಿಕ್ಕಿಸುವಂಥದ್ದು, ಇನ್ನೊಂದು ಅಂಗಿಯ ಜೇಬಿನಲ್ಲಿಟ್ಟು ವೈರಿನಿಂದ ಕಿವಿಗೆ ಜೋಡಿಸುವ ಹಳೆಯ ನಮೂನೆಯ ಡಬ್ಬಿ.

ಕಾಕಾ ಡಬ್ಬಿಯನ್ನೇ ಎತ್ತಿಕೊಂಡ. ಅವನ ದಪ್ಪ ಬೆರಳಿಗೆ ಅದರ ಗುಂಡಿ ಸಿಗುತ್ತಿತ್ತು. "ಇದು ಛಲೋ ಐತಿ ನೋಡು, ಕೈಯಾಗ ನಿಂದರತೈತಿ."

"ಏ ಕಾಕಾ, ಅದನ್ನ ಈಗ ಯಾರ್ ಹಾಕ್ಕೋತಾರ? ಮಂದಿ ನಗ್ತಾರ" ಎಂದು ನಾನು ಅವನ ಕಿವಿಯಲ್ಲಿ ಕೂಗಿದೆ.

"ಅಜ್ಜಾರು ಮನ್ಯಾಗ ದಿನಾ ಹ್ಯಾಂಗಿರ್ತಾರ್ರಿ?" ಹುಡುಗಿ ಕೇಳಿದಳು.

"ಏನಿಲ್ರಿ, ಕಟ್ಟಿಮ್ಯಾಲ ಕುಂತಿರ್ತಾರ" ಎಂದು ಅವನ ಪರವಾಗಿ ನಾನೇ ಉತ್ತರ ಕೊಟ್ಟೆ. ರುಮಾಲು ನನ್ನ ತೊಡೆಯ ಮೇಲೇ ಇತ್ತು.

ಕಿವಿಯ ಹಿಂದಿನದನ್ನೇ ಕೊಂಡೆವು. ಹುಡುಗಿ ಅವನ ಬೆನ್ನ ಹಿಂದೆ ನಿಂತು ಮೆಲ್ಲಗೆ ಊರು ಯಾವುದೆಂದು ಕೇಳಿದಳು, ಕಾಕಾ ತಿರುಗಿ "ತಿಕೋಟಾರಿ" ಎಂದ. ಅವನ ಕಣ್ಣು ತುಂಬಿ ಬಂತು. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಬಸ್ಸಿನಲ್ಲಿ ಕುಳಿತು ರುಮಾಲು ಸುತ್ತಿಕೊಂಡ ಕೂಡಲೇ ಯಂತ್ರ ಸೀಟಿ ಹೊಡೆಯತೊಡಗಿತು. ಮೇಲೆ ಬಟ್ಟೆ ಬಿಗಿದರೆ ಅದು ಹಾಗೆಯೇ ಕಿರುಚುತ್ತದೆ, ಮಾತು ಒಳಗೆ ಹೋಗುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಅವತ್ತು ಮಾತ್ರ "ಹೊಸಾದೈತಿ, ರೂಢಿ ಆಗತೈತಿ ಬಿಡು" ಎಂದುಬಿಟ್ಟೆ. ಹದಿನೈದು ದಿನಕ್ಕೆ ಮತ್ತೆ ಕರೆತನ್ನಿ ಎಂದು ಹುಡುಗಿ ಹೇಳಿದ್ದಳು. ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿದೆ ಎಂದು ನಾನು ಮುಂದೂಡುತ್ತ ಹೋದೆ. ಕಾಕಾ ಯಂತ್ರವನ್ನು ಜೇಬಿಗೆ ಹಾಕಿಕೊಂಡ. ನಾನು ಕಿವಿ ಮುಟ್ಟಿ ಸನ್ನೆಯಲ್ಲಿ ಕೇಳಿದಾಗೆಲ್ಲ "ಛಲೋ ಕೇಳತೈತಿ" ಎನ್ನುತ್ತಿದ್ದ. ನನ್ನ ಮನಸ್ಸು ನೋಯಬಾರದೆಂದು ಹೇಳಿದ ಸುಳ್ಳು ಅದು.

ಇತ್ತ ಅವ್ವ ಓಡುವುದನ್ನು ಬಿಟ್ಟಳು. ಮಷೀನು ಬಂದ ಮೇಲೆ ತನ್ನದೇನು ಕೆಲಸ ಎಂದುಕೊಂಡಳು. ಒಂದು ಮಧ್ಯಾಹ್ನ ಕಾಕಾ ಕಟ್ಟೆಯ ಮೇಲಿದ್ದ. ಅವನು ಎದ್ದು ಒಳಗೆ ಹೋಗಿ ನೋಡಿದಾಗ ಕಾಕು ಮಂಚ ಮತ್ತು ಗೋಡೆಯ ಸಂದಿಯಲ್ಲಿ ಬೋರಲು ಬಿದ್ದಿದ್ದಳು. ಉಸಿರಿರಲಿಲ್ಲ.

ಅವ್ವ ನನ್ನ ಮುಂದೆ ಎದೆ ಬಡಿದುಕೊಂಡು ಅತ್ತಳು. "ಮೂರು ಸಲ ಕರದಳೋ. 'ಗುರುಪಾದಪ್ಪಾ' ಅಂತ ಗಂಡನ ಹೆಸರ ಹಿಡದು ಕರದಳು. ಗಂಡಾ ಹೆಂಡ್ತಿ ಏನರ ಚಾಷ್ಟಿ ಮಾಡಾಕತ್ತಾರ, ನಡುವ ನಾ ಯಾಕ ಹೋಗ್ಲಿ ಅಂತ ನಕ್ಕೋತ ಸುಮ್ಮಾದೆ." ನಮ್ಮ ಕಡೆ ಕಾಕುನ ವಯಸ್ಸಿನ ಹೆಂಗಸು ಗಂಡನ ಹೆಸರು ಹೇಳುವುದೇ ಇಲ್ಲ. ಅವ್ವ ತಪ್ಪು ತಿಳಿದದ್ದು ಅದಕ್ಕೇ. ತಪ್ಪು ನನ್ನದು ಎಂದು ನಾನು ಅವಳಿಗೆ ಎಷ್ಟೋ ಸಲ ಹೇಳಿದ್ದೇನೆ, ಅವಳು ನಂಬುವುದಿಲ್ಲ.

ಬಬಲೇಶ್ವರದಲ್ಲಿದ್ದ ಕಾಕಾನ ತಮ್ಮ ಬಂದು ಅವನನ್ನು ಕರೆದುಕೊಂಡು ಹೋದ. ಅಲ್ಲಿ ಕಾಕಾ ಮೂರು ತಿಂಗಳು ಸಹ ಬದುಕಲಿಲ್ಲ. ನಾನು ಅಲ್ಲಿಗೆ ಹೋದದ್ದು ಒಮ್ಮೆ ಮಾತ್ರ. ಕಾಕಾ ಹೊರಗೆ ಕುಳಿತಿದ್ದ, ಕಿವಿಯಲ್ಲಿ ಏನೂ ಇರಲಿಲ್ಲ. ನನ್ನನ್ನು ಬೈಯುತ್ತಾನೆಂದು ಕಾದೆ, ಬೈಯಲಿಲ್ಲ.

"ನಿಮ್ಮವ್ವಗ ಕೇಳಿಸಿತ್ತಂತಲ್ಲ. ಅಕಿ ಏನಂತ ಕರದಳು?"

ಸುಳ್ಳು ಹೇಳಬಹುದಿತ್ತು. ಅವನ ಕಿವಿಗೆ ಬಾಯಿಟ್ಟು, ದಾರಿಯಲ್ಲಿ ಹೋಗುವವರು ನಿಂತು ನೋಡುವಂತೆ ಕೂಗಿದೆ. "ನಿನ್ನ ಹೆಸರ ಹಿಡದು ಕರದಳು ಕಾಕಾ!"

"ಹೆಸರಾ?"

ಹೌದೆಂದು ತಲೆಯಾಡಿಸಿ ಮೂರು ಬೆರಳು ತೋರಿಸಿದೆ. ಅವನು ತನ್ನ ಎಂದಿನ ಎತ್ತರದ ದನಿಯಲ್ಲೇ ಕೇಳಿದ.

"ಐವತ್ತು ವರ್ಷದಾಗ ಒಮ್ಮಿನೂ ಅಕಿ ನನ್ನ ಹೆಸರ ತಗದಾಕಿ ಅಲ್ಲ. ಹ್ಯಾಂಗ ಇತ್ತಂತೋ ತಮ್ಮಾ, ಅಕಿ ಬಾಯಾಗ?"