ಎಣ್ಣೆಗೊಂದು ಬಸಿ

ಬಾಬಾಲಾಲ ಮಿಸ್ತ್ರಿಯವರು ಎಂಜಿನ್ನನ್ನು ಮೊದಲು ಮೂಸಿ ನೋಡುತ್ತಿದ್ದರು. ಪಾನಾ, ಇಕ್ಕಳ ಹಿಡಿಯುವುದೆಲ್ಲ ಆಮೇಲೆ. ಗಾಡಿ ಬಂದು ನಿಂತ ಕೂಡಲೇ ಮೊಣಕಾಲೂರಿ ಕೂತು, ಕಣ್ಣು ಮುಚ್ಚಿ, ಗರುಡನಂಥ ಆ ಮೂಗನ್ನು ಸಿಲಿಂಡರಿನ ಹತ್ತಿರ ಒಯ್ದು ಒಮ್ಮೆ ಉಸಿರೆಳೆಯುತ್ತಿದ್ದರು. ಗಾಡಿಯವನು ಬಾಯಿ ತೆರೆಯುವ ಮೊದಲೇ, "ಕ್ಲಚ್ಚಿನ ಬೂಚು ಸುಟ್ಟೈತಿ. ಘಾಟ ಹತ್ತುವಾಗ ಹಿಡಕೊಂಡ ಕುಂತಿದ್ರಿ, ಹೌದಲ್ರಿ?" ಎಂದು ಕೇಳುತ್ತಿದ್ದರು. ಗಾಡಿಯವನು ಕಳ್ಳನಂತೆ ತಲೆ ತಗ್ಗಿಸುತ್ತಿದ್ದ.

ಮೂಗು ಗಾಡಿಗಷ್ಟೇ ಸೀಮಿತವಾಗಿರಲಿಲ್ಲ. ದಾರಿಯಲ್ಲಿ ಹೋಗುವ ಸಾಲಿ ಮಾಸ್ತರರನ್ನು ನಿಲ್ಲಿಸಿ, "ಏನ್ರಿ ಮಾಸ್ತರ, ಇವತ್ತೂ ಪುಂಡಿಪಲ್ಯನ ಏನು? ಮೂರ ದಿನಾ ಆತು" ಎನ್ನುತ್ತಿದ್ದರು. ಮಾಸ್ತರರು ಆಮೇಲೆ ಆ ಓಣಿಯನ್ನೇ ಬಿಟ್ಟು ಸುತ್ತುಹಾಕಿ ಶಾಲೆಗೆ ಹೋಗತೊಡಗಿದರು.

ಅವರ ಅಂಗಡಿಯೆಂದರೆ ಗೋಕಾಕದಲ್ಲಿ ಒಂದು ಬೇವಿನ ಮರ ಮತ್ತು ಅದರ ಕೆಳಗಿನ ನೆರಳು. ಎದುರಿಗೆ ಕಟ್ಟಿಗೆಯ ಗೊಂಬೆ, ಹಣ್ಣು ಮಾಡುವ ರಾಮಣ್ಣನ ಮನೆ. ಮಿಸ್ತ್ರಿಯವರ ಹತ್ತಿರ ಲೋಹ ಕಡೆಯುವ ಲೇಥು ಯಂತ್ರ ಇರಲಿಲ್ಲ. ಹಿತ್ತಾಳೆಯ ಬುಶ್ ತಿಕ್ಕಬೇಕಾದರೆ ರಾಮಣ್ಣ ಗೊಂಬೆ ತಿರುವುವ ಚರಕಿಯ ಮೇಲೆಯೇ ಹೇಗೋ ಹಿಡಿದು ತಿಕ್ಕುತ್ತಿದ್ದರು. ರಾಮಣ್ಣ ದಿನಾ ಜಗಳ ತೆಗೆಯುತ್ತಿದ್ದ: "ಬಾಬಾಲಾಲ, ನನ್ನ ಮಾವಿನಹಣ್ಣಿನ ತುಂಬ ನಿನ್ನ ಹಿತ್ತಾಳಿ ಪುಡಿ ಅಂಟೇತಿ ನೋಡ." ಮಿಸ್ತ್ರಿ ತಣ್ಣಗೆ ಉತ್ತರಿಸುತ್ತಿದ್ದರು: "ಹೊಳೀತೈತಿ ಬಿಡೋ. ಎಂಟಾಣೆ ಹೆಚ್ಚಿಗಿ ಮಾರು." ಆದರೆ ಒಂದು ಸ್ವಂತ ಲೇಥು ಬೇಕೆಂಬ ಆಸೆ ಅವರಿಗೆ ಎಷ್ಟಿತ್ತೆಂದರೆ, ಮಾತಿನಲ್ಲಿ ಆ ಶಬ್ದ ಬಂದಾಗೆಲ್ಲ ದನಿ ಸಣ್ಣದಾಗುತ್ತಿತ್ತು, ಹೆಂಡತಿಯ ತವರಿನ ಹಿರಿಯರ ಹೆಸರು ಹೇಳುವಾಗ ಆಗುವಂತೆ.

ನಾನು ಆಗ ಮ್ಯಾಟ್ರಿಕ್ ಪಾಸಾಗಿ ಒಂದು ಚಹಾಪುಡಿ ಕಂಪನಿಯ ಏಜೆಂಟನಾಗಿದ್ದೆ. ಮಹಾಯುದ್ಧ ಮುಗಿದ ಮೇಲೆ ಬೆಳಗಾವಿಯ ಮಿಲಿಟರಿಯವರು ಮಾರಿದ ಹಳೆಯ ಫಟಫಟಿ ಮೋಟಾರ್ ಸೈಕಲ್ಲೊಂದನ್ನು ಕಂಪನಿ ನನಗೆ ಕೊಟ್ಟಿತ್ತು. ಎರಡೂ ಬದಿಗೆ ಚಹಾಪುಡಿಯ ಎರಡು ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಗೋಕಾಕ, ಮೂಡಲಗಿ, ಹುಕ್ಕೇರಿ ಅಂತ ಅಂಗಡಿ ಅಂಗಡಿ ತಿರುಗುವುದು ನನ್ನ ಕೆಲಸ. ಮಿಸ್ತ್ರಿ ನನ್ನನ್ನು "ಚಹಾದ ಸಾಹೇಬ್ರ" ಎಂದು ಕರೆಯುತ್ತಿದ್ದರು. ಅದರಲ್ಲಿ ಮರ್ಯಾದೆ ಎಷ್ಟು, ಕೀಟಲೆ ಎಷ್ಟು ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಆ ಗಾಡಿಗೆ ಗಾಳಿಯೇ ವೈದ್ಯ. ಸಿಲಿಂಡರಿನ ಸುತ್ತ ರೆಕ್ಕೆಗಳಿದ್ದವು. ಓಡುವಾಗ ಗಾಳಿ ಬಡಿದು ತಣ್ಣಗಾಗಬೇಕು, ಅಷ್ಟೇ. ಬಯಲಿನಲ್ಲಿ ಸರಿ. ಆದರೆ ಹುಕ್ಕೇರಿಗೆ ಹೋಗುವಾಗ ಗೋಕಾಕ ಫಾಲ್ಸಿನ ಘಾಟದಲ್ಲಿ ಎರಡು ಪೆಟ್ಟಿಗೆ ಹೊತ್ತು ಅದು ಎಮ್ಮೆಯಂತೆ ಹೆಜ್ಜೆ ಇಡುತ್ತಿತ್ತು. ಗಾಳಿ ಎಲ್ಲಿಂದ ಬರಬೇಕು? ತಿರುವು ತಿರುವಿಗೆ ನಿಲ್ಲಿಸಿ ಪೆಟ್ಟಿಗೆಯ ಮುಚ್ಚಳದಿಂದ ನಾನೇ ಬೀಸುತ್ತ ಕೂರುತ್ತಿದ್ದೆ. ಚಕ್ಕಡಿಯವರು ನನ್ನನ್ನು ದಾಟಿಹೋಗುತ್ತ, "ಬಾಣಂತಿ ಆರಾಮ ಅದಾಳೇನ್ರಿ?" ಎಂದು ಕೇಳುತ್ತಿದ್ದರು.

ಒಂದು ದಿನ ಇದನ್ನು ಮಿಸ್ತ್ರಿಯವರ ಮುಂದೆ ಗೋಳಾಡಿದೆ. ಅವರು ಆಗ ಚಹಾ ಕುಡಿಯುತ್ತಿದ್ದರು. ಕಪ್ಪಿನಿಂದ ಬಸಿಗೆ ಸುರಿದು, ಊದಿ, ಸೊರ್ರೆಂದು ಎಳೆಯುವವರು. ನನ್ನ ಮಾತು ಕೇಳುತ್ತ ಕೇಳುತ್ತ ಬಸಿ ಅರ್ಧದಲ್ಲೇ ನಿಂತಿತು.

"ಚಹಾದ ಸಾಹೇಬ್ರ, ಕಪ್ಪಿನ್ಯಾಗ ಬಿಸಿ ಇದ್ದದ್ದು ಬಸಿಯಾಗ ಯಾಕ ಆರತೈತ್ರಿ?"

"ಅಗಲ ಆಗತೈತಿ, ಗಾಳಿ ಬಡೀತೈತಿ."

"ಮತ್ತ ಎಣ್ಣಿಗೆ ಯಾರ ಬಸಿ ಕೊಟ್ಟಾರ್ರಿ? ಪಾಪ, ಅದು ಹುಟ್ಟಿದಾಗಿಂದ ಕಪ್ಪಿನ್ಯಾಗ ಕುದಿಯಾಕತ್ತೈತಿ!"

ಎಂಜಿನ್ನಿನಲ್ಲಿ ಸುತ್ತಿ ಬಿಸಿಯಾದ ಎಣ್ಣೆ ಒಂದು ಕೊಳವೆಯಿಂದ ಮೇಲಿನ ಎಣ್ಣೆಯ ಟ್ಯಾಂಕಿಗೆ ವಾಪಸ್ ಬರುತ್ತಿತ್ತು. ಆ ದಾರಿಯನ್ನು ಕತ್ತರಿಸಿ, ನಡುವೆ ಒಂದು ಉದ್ದನೆಯ ತಾಮ್ರದ ನಳಿಗೆಯನ್ನು ಹಾವಿನಂತೆ ಸುತ್ತಿ, ಗಾಡಿಯ ಎದೆಗೆ, ಗಾಳಿಗೆ ಎದುರಾಗಿ ಕಟ್ಟುವುದು. ಎಣ್ಣೆ ಆ ಸುರುಳಿಯಲ್ಲಿ ಹಾಯ್ದು ಆರಿಕೊಂಡು ಟ್ಯಾಂಕಿಗೆ ಬರುವುದು. ಇದು ಅವರ ಯೋಚನೆ. ಅದಕ್ಕೆ ಅವರಿಟ್ಟ ಹೆಸರೂ ಬಸಿಯೇ.

ತಾಮ್ರದ ಸುರುಳಿ ಎಲ್ಲಿಂದ ತಂದರೆಂದು ನಾನು ಕೇಳಲಿಲ್ಲ. ಮುಂಬಯಿ ಸರ್ಕಾರದ ದಾರೂಬಂದಿ ಜೋರಾಗಿದ್ದ ಕಾಲ ಅದು. ಅಂಥ ಸುರುಳಿಗೆ ನಮ್ಮ ಕಡೆ ಒಂದೇ ಒಂದು ಉಪಯೋಗವಿತ್ತು, ಅದು ಪೊಲೀಸರಿಗೂ ಗೊತ್ತಿತ್ತು. ಬಸಿ ಕಟ್ಟಿಕೊಂಡು ಮಿಸ್ತ್ರಿಯವರನ್ನು ಹಿಂದೆ ಕೂರಿಸಿಕೊಂಡು ಹೊರಟ ಮೊದಲ ದಿನವೇ ಹವಾಲ್ದಾರನೊಬ್ಬ ಕೈ ಅಡ್ಡ ಹಿಡಿದ.

"ಹಾಡಹಗಲ ಭಟ್ಟಿ ಗಾಡಿ ಮ್ಯಾಲೆ ಹೇರಕೊಂಡ ಹೊಂಟೀರೇನ್ರಿ? ಏನ ಇಳಸ್ತೀರಿ ಇದರಾಗ?"

"ಜ್ವರಾ ಇಳಸ್ತೀವ್ರಿ ಸಾಹೇಬ್ರ," ಎಂದರು ಮಿಸ್ತ್ರಿ.

ಹವಾಲ್ದಾರ ನಂಬಲಿಲ್ಲ. ನಳಿಗೆಯ ಬಿರಡೆ ಬಿಚ್ಚಿಸಿದ, ಮೂಸಿದ, ಅನುಮಾನ ಹರಿಯದೆ ಬೆರಳಿಗೆ ಹಚ್ಚಿ ನೆಕ್ಕಿಯೂ ಬಿಟ್ಟ. ಆಮೇಲೆ ಬಹಳ ಹೊತ್ತು ಉಗುಳಿದ. ಮಿಸ್ತ್ರಿ ಗಂಭೀರವಾಗಿ, "ಒಂದ ಗುಟುಕಿಗೆ ನಿಶಾ ಹತ್ತಂಗಿಲ್ರಿ, ಇನ್ನೊಂದೀಟು ಕೊಡಲ್ರಿ?" ಎಂದು ಕೇಳಿದರು. ಅವನು ನಮ್ಮನ್ನು ಬಿಟ್ಟುಬಿಟ್ಟ.

ಆ ದಿನ ಘಾಟದಲ್ಲಿ ಗಾಡಿ ಒಂದೇ ಒಂದು ಕಡೆಯೂ ನಿಲ್ಲಲಿಲ್ಲ. ಮೇಲೆ ಹೋದ ಮೇಲೆ ಮಿಸ್ತ್ರಿ ಇಳಿದು ಎಂಜಿನ್ನಿನ ಮುಂದೆ ಮೊಣಕಾಲೂರಿ ಮೂಸಿದರು. ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು. ಹೊಗೆಗೂ ಇರಬಹುದು.

ಸುದ್ದಿ ಹುಕ್ಕೇರಿಯ ಕಡೆಯ ಒಬ್ಬ ದೇಸಾಯರಿಗೆ ಮುಟ್ಟಿತು. ಅವರಿಗೂ ಇಂಥದೇ ಫಟಫಟಿ, ಇಂಥದೇ ಜ್ವರ. ಗೋಕಾಕಕ್ಕೆ ಬಂದು ಬಸಿಯನ್ನು ನೋಡಿ ಹೇಳಿದರು: "ಮಿಸ್ತ್ರಿ, ಹದಿನೈದು ದಿನಾ ಈ ಗಾಡಿ ಓಡಲಿ. ಹದಿನಾರನೇ ದಿನಾ ಗೋಕಾಕ ಬಿಟ್ಟು ಎಲ್ಲೂ ನಿಲ್ಲದಂಗ ಹುಕ್ಕೇರಿಗೆ ಬರಬೇಕು. ಬಂದ್ರ, ಊರ ಬಾಗಲದಾಗ ನನ್ನ ಜಾಗಾ ಐತಿ, ಅಲ್ಲಿ ಲೇಥ್ ಇಡಸ್ತೀನಿ. ನಡಸಾಂವ ನೀ. ಬರಲಿಲ್ಲ ಅಂದ್ರ ನಿನ್ನ ಬೇವಿನ ಗಿಡಾ ಎಲ್ಲೂ ಓಡಿಹೋಗಂಗಿಲ್ಲ."

ಮಿಸ್ತ್ರಿ ನೇರ ರಾಮಣ್ಣನ ಮನೆಗೆ ಹೋಗಿ, "ರಾಮ್ಯಾ, ಇನ್ನ ನಿನ್ನ ಮಾವಿನಹಣ್ಣಿಗೆ ನನ್ನ ಕಾಟ ತಪ್ಪಿತಪಾ" ಎಂದರು. ಅಷ್ಟು ದಿನ ಜಗಳವಾಡಿದ ರಾಮಣ್ಣ, "ಹೋಗಾಂವ ಹೋಗು, ಯಾರ ಬ್ಯಾಡಂದಾರ?" ಎಂದು ಮುಖ ತಿರುಗಿಸಿದ.

ಅದೇ ದಿನ ದೇಸಾಯರು ಮಿಸ್ತ್ರಿಯವರನ್ನು ನಿಡಸೋಸಿಗೆ ಕರೆದೊಯ್ದರು. ಅಲ್ಲಿ ಅವರ ಬಾವಿಯ ಎಂಜಿನ್ನು ಕೆಟ್ಟು ಕೂತಿತ್ತು. ಅದು ಮುಗಿಯುವತನಕ ಅಲ್ಲೇ ವಸ್ತಿ. ಹೊರಡುವಾಗ ಮಿಸ್ತ್ರಿ ನನ್ನ ಕೈಗೆ ಎಂಜಿನ್ ಎಣ್ಣೆಯ ಒಂದು ಡಬ್ಬಿ ಕೊಟ್ಟರು. "ಬಸಿ ಬಂದಮ್ಯಾಲ ಎಣ್ಣಿ ಜಾಸ್ತಿ ಹಿಡೀತೈತ್ರಿ. ಬೆಸುಗಿ ಹೊಸಾದು, ಒಂದೀಟು ಜಿನಗತೈತಿ. ದಿನಾ ಮುಂಜಾನೆ ಒಂದ ವಾಟಗಾ ಹಾಕ್ರಿ. ಇದ ಎಣ್ಣಿ ಹಾಕ್ರಿ. ಮರೀಬ್ಯಾಡ್ರಿ."

ನಾನು ಮರೆಯಲಿಲ್ಲ. ಮರೆತಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ. ಮರೆವಿಗೆ ಕ್ಷಮೆ ಬೇಗ ಸಿಗುತ್ತದೆ.

ಡಬ್ಬಿಯನ್ನು ಚಹಾಪುಡಿಯ ಪೆಟ್ಟಿಗೆಯಲ್ಲಿ ಇಟ್ಟಿದ್ದೆ, ಬೇರೆ ಜಾಗವಿರಲಿಲ್ಲ. ಚಹಾಪುಡಿಯ ಗುಣವೇ ಹಾಗೆ, ಪಕ್ಕದವರ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಮೂರನೆಯ ದಿನ ಮೂಡಲಗಿಯ ಅಂಗಡಿಕಾರನೊಬ್ಬ ಪುಡಿಯ ಪೊಟ್ಟಣಗಳನ್ನೆಲ್ಲ ನನ್ನ ಮುಂದೆ ಎಸೆದ. "ಏನ್ರಿ ಏಜೆಂಟರ, ನಿಮ್ಮ ಚಹಾ ಕುಡದ್ರ ಹೊಟ್ಟ್ಯಾಗ ಫಟಫಟಿ ಓಡಾಡಾಕತ್ತೈತಿ! ಕಂಪನಿಗೆ ಪತ್ರಾ ಬರೀಲೇನು?"

ಕಂಪನಿಯೆಂದರೆ ನನಗೆ ನಡುಕ. ಡಬ್ಬಿಯನ್ನು ಅಂದೇ ಮನೆಯಲ್ಲಿಟ್ಟು ತಿರುಗಾಟಕ್ಕೆ ಹೊರಟೆ, ರಾತ್ರಿ ಊರೂರಿನಲ್ಲೇ ವಸ್ತಿ. ಮರುದಿನ ಮುಂಜಾನೆ ಆ ಒಂದು ಬಟ್ಟಲು ಎಣ್ಣೆಯ, ವಾಟಗದ, ಹೊತ್ತಿಗೆ ಕೌಜಲಗಿಯ ಒಂದು ಅಂಗಡಿಯಲ್ಲಿದ್ದೆ. ಎದುರಿಗೆ ಕುಸುಬಿ ಎಣ್ಣೆಯ ಪೀಪಾಯಿ. ಎಣ್ಣೆಯ ಕೆಲಸ ಜಾರಿಸುವುದು. ಕುಸುಬಿ ಎಣ್ಣೆಯೂ ಜಾರುತ್ತದೆ. ಅದರ ವಾಸನೆಗೆ ಯಾರೂ ಚಹಾ ಎಸೆಯುವುದಿಲ್ಲ. ಮ್ಯಾಟ್ರಿಕ್ ಓದಿದ ತಲೆಗೆ ಇಷ್ಟು ತರ್ಕ ಸಾಕಾಯಿತು. ಒಂದು ವಾಟಗ ಹಾಕಿದೆ. ಗಾಡಿ ಮೊದಲಿಗಿಂತ ಮೆತ್ತಗೆ ಓಡಿತು! ಆಮೇಲೆ ದಿನಾ ಅದೇ. ಯಾವ ಊರಿನಲ್ಲಿದ್ದರೂ ಅಂಗಡಿಕಾರರು ನಗುತ್ತ ಒಂದು ವಾಟಗ ಸುರಿಯುತ್ತಿದ್ದರು.

ಕುಸುಬಿ ಎಣ್ಣೆಯನ್ನು ಚೆನ್ನಾಗಿ ಕಾಯಿಸಿದರೆ ಅಂಟಾಗುತ್ತದೆ, ಆರಿದರೆ ಚರ್ಮದಂತೆ ಗಟ್ಟಿಯಾಗುತ್ತದೆ. ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಸೋರದಂತೆ ಅದನ್ನೇ ಹಚ್ಚುತ್ತಾರೆಂದು ನಮ್ಮ ಕಡೆಯ ಯಾವ ರೈತನಿಗೂ ಗೊತ್ತು. ನಮ್ಮಪ್ಪನೂ ಹಚ್ಚುತ್ತಿದ್ದ. ನನಗೂ ಗೊತ್ತಿತ್ತು, ಆದರೆ ಹೊಲದಲ್ಲಿ ಗೊತ್ತಿದ್ದದ್ದು ಫಟಫಟಿಯ ಮೇಲೆ ನೆನಪಾಗಲಿಲ್ಲ.

ಎರಡನೆಯ ವಾರ ಗಾಡಿ ಬಜಿ ಕರಿಯುವ ವಾಸನೆ ಬಿಡತೊಡಗಿತು. ಕುಲಗೋಡದಲ್ಲಿ ಊರಿನ ನಾಯಿಗಳೆಲ್ಲ ಸೀಮೆಯ ತನಕ ಮೆರವಣಿಗೆಯಲ್ಲಿ ಬಂದವು. ಕಟ್ಟೆಯ ಮೇಲಿನ ಒಬ್ಬ ಮುದುಕ ಕೈಮಾಡಿ ನಿಲ್ಲಿಸಿ, "ತಮ್ಮಾ, ಮೆಣಸಿನಕಾಯಿ ಬಜಿ ಹೆಂಗ ಕೊಟ್ಟಿ?" ಎಂದು ಕೇಳಿದ. ಚಹಾಪುಡಿ ಎಂದೆ. "ಬಜಿ ಇಲ್ಲದ ಬರೇ ಚಹಾ ಏನ ಕುಡಿಯೂದೋ" ಎಂದು ಬೈದ.

ಹದಿನಾರನೆಯ ದಿನ ಹೊರಟೆ. ಘಾಟ ಹತ್ತಿದೆ, ನಿಲ್ಲಲಿಲ್ಲ. ಹುಕ್ಕೇರಿ ಕಾಣಿಸಿತು. ಊರ ಬಾಗಿಲಿನಲ್ಲಿ ದೇಸಾಯರು, ಅವರ ಮಂದಿ, ಮತ್ತು ನಿಡಸೋಸಿಯಿಂದ ನೇರ ಬಂದಿದ್ದ ಮಿಸ್ತ್ರಿ ಹೊಸ ಟೊಪ್ಪಿಗೆ ಹಾಕಿಕೊಂಡು ನಿಂತಿದ್ದರು. ಗಾಳಿ ನನ್ನ ಬೆನ್ನಿಂದ ಅವರ ಕಡೆಗೆ ಬೀಸುತ್ತಿತ್ತು. ದೂರದಿಂದಲೇ ಕಂಡೆ: ಮಿಸ್ತ್ರಿಯವರ ಮೂಗು ಮೆಲ್ಲಗೆ ಮೇಲೆದ್ದಿತು.

ಕಲ್ಲೆಸೆದರೆ ಮುಟ್ಟುವಷ್ಟು ದೂರದಲ್ಲಿ ಗಾಡಿ ಒಮ್ಮೆ ಕಿರುಚಿ ಚಕ್ರ ಹಿಡಿದುಕೊಂಡಿತು. ನಾನು ಒಂದು ಕಡೆ, ಪೆಟ್ಟಿಗೆಗಳು ಇನ್ನೊಂದು ಕಡೆ. ಚಹಾಪುಡಿಯ ಮೋಡವೆದ್ದು ದೇಸಾಯರ ಬಿಳಿ ಧೋತರದ ಮೇಲೆ ಇಳಿಯಿತು. ಬಸಿಯಲ್ಲಿ ಅಂಟು ಕಟ್ಟಿ, ಹೋದ ಎಣ್ಣೆ ವಾಪಸ್ ಬರದೆ, ಟ್ಯಾಂಕು ಒಣಗಿ ಎಂಜಿನ್ನು ಕಚ್ಚಿಕೊಂಡಿತ್ತು.

"ಏನಾತೋ?" ಎಂದರು ದೇಸಾಯರು.

ಅಡಿಗೆ ಎಣ್ಣೆ ಹಾಕಿದ್ದು ಕಂಪನಿಗೆ ತಿಳಿದರೆ ನೌಕರಿ ಹೋಗುತ್ತದೆಂಬುದೊಂದೇ ನನ್ನ ತಲೆಯಲ್ಲಿತ್ತು. ಮೈಕೈ ಝಾಡಿಸಿಕೊಳ್ಳುವ ಮೊದಲೇ ನನ್ನ ಬಾಯಿ ಹೇಳಿತು: "ಮಿಸ್ತ್ರಿಗೋಳ ಬಸಿ ಕೈಕೊಟ್ಟಿತ್ರಿ. ನಾ ಮೊದಲ ಹೇಳಿದ್ದೆ."

ಮಿಸ್ತ್ರಿ ಮೊಣಕಾಲೂರಿದರು. ಮೂಸಿದರು. ನನ್ನ ಕಡೆ ನೋಡಿದರು. ಇನ್ನೊಮ್ಮೆ ಮೂಸಿದರು, ತಮ್ಮ ಮೂಗಿನ ಮೇಲೇ ನಂಬಿಕೆ ಇಲ್ಲದವರಂತೆ. ಆಮೇಲೆ ಎದ್ದು ಹೊಸ ಟೊಪ್ಪಿಗೆ ತೆಗೆದರು.

"ಹೌದ್ರಿ ಧಣ್ಯಾರ. ನಳಗಿ ಸಣ್ಣದಾತು. ನಂದ ತಪ್ಪು."

"ಬಸಿಯಾಗ ಬಜಿ ಕರದ್ಯೇನೋ ಮಿಸ್ತ್ರಿ?" ಎಂದು ದೇಸಾಯರು ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಿದ್ದು ಗಾಯವಾದ ಮೊಣಕೈಗಿಂತ ಆ ನಗು ಇಷ್ಟು ವರ್ಷ ಹೆಚ್ಚು ಉರಿದಿದೆ.

ಲೇಥು ಬೇರೆ ಊರಿನ ಯಾವನೋ ಒಬ್ಬನ ಪಾಲಾಯಿತು. ಮಿಸ್ತ್ರಿ ಬೇವಿನ ನೆರಳಿಗೆ ಮರಳಿದರು. ನನ್ನ ಎಂಜಿನ್ನನ್ನು ಎಂಟು ದಿನ ಬಿಚ್ಚಿ, ಸುರುಳಿಯೊಳಗಿನ ಅಂಟನ್ನು ಕಾಯಿಸಿ ಕೆರೆದು ಸರಿಮಾಡಿದರು. ಕೊಡುವ ದಿನ ನೋಡಿದರೆ ಪೆಟ್ಟಿಗೆಯ ಹೊರಗಡೆ ಕಬ್ಬಿಣದ ಒಂದು ಹೊಸ ಕೊಂಡಿ. "ಎಣ್ಣಿ ಡಬ್ಬಿ ಇಲ್ಲಿ ತೂಗ ಹಾಕ್ರಿ ಚಹಾದ ಸಾಹೇಬ್ರ. ಪುಡಿಗೆ ವಾಸನಿ ಬಡಿಯಂಗಿಲ್ಲ," ಎಂದರು. ಅಂದರೆ ಎಣ್ಣೆ ಯಾವುದೆಂದಷ್ಟೇ ಅಲ್ಲ, ಯಾಕೆಂಬುದೂ ಅವರಿಗೆ ಹೊಳೆದಿತ್ತು. ಬಸಿ ಆಮೇಲೆ ವರ್ಷಗಟ್ಟಲೆ ಓಡಿತು. ಯಾರಾದರೂ ಹೊಗಳಿದರೆ ನಾನು ಮಾತು ಬದಲಿಸುತ್ತಿದ್ದೆ.

ರಾಮಣ್ಣ ಮಾತ್ರ, ಮಿಸ್ತ್ರಿ ಹುಕ್ಕೇರಿಯಿಂದ ಮರಳಿದ ಸಂಜೆ, ಚರಕಿಯನ್ನು ಒರೆಸಿಟ್ಟು, "ಬಾ, ಹಿತ್ತಾಳಿ ತಿಕ್ಕಾಂವ ತಿಕ್ಕು" ಎಂದಿದ್ದನಂತೆ.

ಕೊನೆಯ ಸಲ ಮಿಸ್ತ್ರಿಯವರನ್ನು ಕಂಡದ್ದು ಮೂಡಲಗಿಯಲ್ಲಿ, ಮಗಳು ಬೀಬೀಜಾನಳ ಮನೆಯಲ್ಲಿ. ಕಣ್ಣು ಮಂಜಾಗಿದ್ದವು, ಮೂಗು ಮಂಜಾಗಿರಲಿಲ್ಲ. ಹೊಸ್ತಿಲು ದಾಟುವ ಮೊದಲೇ, "ಬರ್ರಿ ಚಹಾದ ಸಾಹೇಬ್ರ" ಎಂದರು. ಒಳಗೆ ಮಗಳು ಬಜಿ ಕರಿಯುತ್ತಿದ್ದಳು. ಇಂದಲ್ಲದಿದ್ದರೆ ಎಂದಿಗೂ ಇಲ್ಲ ಎನಿಸಿ ಬಾಯಿಬಿಟ್ಟೆ.

"ಮಿಸ್ತ್ರಿಕಾಕಾ, ಆವತ್ತ ಬಸಿಯಾಗ ನಾ..."

"ಕುಸುಬಿ," ಎಂದರು.

"ನಿಮ್ಮ ಲೇಥ್..."

"ಅಯ್ಯ, ಸುಮ್ನ ಕುಂದರ್ರಿ. ಮೊದಲನೇ ವಾರನ ನೀವು ಗೋಕಾಕದಾಗ ನನ್ನ ಗಿಡದ ಮುಂದ ಹಾದು ಹೋದ್ರಲ್ಲ, ಆವಾಗ್ಲೆ ನನ್ನ ಮೂಗಿಗೆ ಬಡೀತು. ಹೇಳಬೇಕಾಗಿತ್ತು. ಖರೆ, ಕುಸುಬಿ ಎಣ್ಣಿ ಮ್ಯಾಲೆ ಎಷ್ಟ ದಿನಾ ಓಡತೈತಿ ನೋಡೂನು ಅಂತ ನನಗೂ ಚಟಾ ಹತ್ತಿತು. ತಪ್ಪು ಇಬ್ಬರದೂ ಐತಿ. ಹಂಚಕೊಂಡ ಬಿಡೂನು. ಬಜಿ ತಿನ್ರಿ."

ನಾನು ಅತ್ತೆ, ನಕ್ಕೆ, ಆರು ಬಜಿ ತಿಂದೆ. ಎಷ್ಟೋ ವರ್ಷದ ಭಾರ ಇಳಿದು ಹಗುರಾಗಿ ಗೋಕಾಕದ ಬಸ್ಸು ಹತ್ತಿದೆ. ಬಸ್ಸು ಕುಲಗೋಡದಲ್ಲಿ ನಿಂತಾಗ, ಕಿಟಕಿಯ ಹೊರಗೆ ಒಂದು ನಾಯಿಯನ್ನು ಕಂಡಾಗ, ನೆನಪಾಯಿತು. ಆ ಹದಿನೈದೂ ದಿನ ಅವರು ಗೋಕಾಕದಲ್ಲಿ ಇರಲೇ ಇಲ್ಲ. ನಿಡಸೋಸಿಯ ಬಾವಿಯ ಕೆಲಸದಲ್ಲಿದ್ದರು. ಮೂಗು ಎಷ್ಟೇ ದೊಡ್ಡದಿರಲಿ, ನಿಡಸೋಸಿಯಿಂದ ಗೋಕಾಕಕ್ಕೆ ಮುಟ್ಟುವುದಿಲ್ಲ.

ಮುಂದಿನ ಸಲ ಹೋದಾಗ ಈ ಸುಳ್ಳನ್ನು ಹಿಡಿದು ಕೇಳಬೇಕೆಂದುಕೊಂಡೆ. ಮುಂದಿನ ಸಲ ಹೋದಾಗ ಹೊಸ್ತಿಲು ದಾಟಿದರೂ ಒಳಗಿಂದ ಯಾರೂ ನನ್ನನ್ನು ಕರೆಯಲಿಲ್ಲ. ಬೀಬೀಜಾನ ಬಂದು ಗೋಡೆಯ ಪಕ್ಕದ ಅವರ ಖಾಲಿ ಮಂಚ ತೋರಿಸಿ ಕೂರಿಸಿದಳು, ಚಹಾ ತಂದಿಟ್ಟಳು. ಬಸಿಗೆ ಸುರಿದೆ. ಅದು ಪೂರ್ತಿ ಆರಿ ಕೆನೆಗಟ್ಟುವ ತನಕ ಕೂತಿದ್ದೆ, ಕುಡಿಯಲಾಗಲಿಲ್ಲ.