ಮರಿಗೆ ಕುಡಿಸಿದ ಹರಳೆಣ್ಣೆ

ಹೋದ ಭಾನುವಾರ ಬೆಳಗ್ಗೆ ನಮ್ಮ ಮನೆಯ ಬೆಕ್ಕಿನ ಎರಡು ಮರಿಗಳಲ್ಲಿ ಒಂದು ವಾಂತಿ ಮಾಡಿಕೊಂಡಿತು. ಬೇಯಿಸಿದ ಶಾವಿಗೆ ಎಳೆಯಂಥದ್ದೊಂದು ನೆಲಕ್ಕೆ ಬಿದ್ದು ಹೊರಳಾಡಿತು. (ತಿಂಡಿ ತಿನ್ನುತ್ತಾ ಓದುತ್ತಿರುವವರು ಕ್ಷಮಿಸಬೇಕು.)

ಹದಿನೈದು ದಿನದಿಂದ ಅದರ ಹೊಟ್ಟೆ ಉಬ್ಬಿತ್ತು. ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ನಾವು ಹೊಟ್ಟೆಯನ್ನಷ್ಟೇ ನೋಡಿದೆವು. ನಮ್ಮ ಮನೆಯ ಹಾಲು ಮೈಗೆ ಹತ್ತಿದೆ ಎಂದು ಪಕ್ಕದ ಮನೆಯವರ ಮುಂದೆ ನಾನು ಜಂಭ ಕೊಚ್ಚಿಕೊಂಡದ್ದೂ ಉಂಟು.

ನನ್ನ ಮಗಳು ಲಲಿತಾಗೆ ಐದು ವರ್ಷ. ಮರಿ ಅವಳದು.

"ಅಪ್ಪ, ಡಾಕ್ಟ್ರ ಹತ್ರ ಕರ್ಕೊಂಡ್ ಹೋಗೋಣ" ಎಂದಳು.

ಬೆಕ್ಕಿಗೆ ಡಾಕ್ಟರೇ? ಜಯನಗರದಿಂದ ದನದ ಆಸ್ಪತ್ರೆಗೆ ಎರಡು ಬಸ್ ಹತ್ತಬೇಕು. ಮಕ್ಕಳ ಹೊಟ್ಟೆಹುಳಕ್ಕೆ ತಿಂಗಳಿಗೊಂದು ಭಾನುವಾರ ಹರಳೆಣ್ಣೆ ಇದ್ದೇ ಇದೆಯಲ್ಲ? ನನ್ನನ್ನೂ ಅದನ್ನೇ ಕುಡಿಸಿ ಬೆಳೆಸಿದ್ದು.

"ಅಂಗೈಯಷ್ಟಿದೆ ಅದು. ಬೇಡ್ರೀ" ಎಂದಳು ನನ್ನಾಕೆ.

"ಹುಳ ಅಂದ್ರೆ ಹುಳಾನೇ ಕಣೇ. ನಮಗೊಂದು ಥರ, ಬೆಕ್ಕಿಗೊಂದು ಥರ ಇರುತ್ತಾ?"

ಲಲಿತಾ ಮರಿಯ ಕಾಲು ಹಿಡಿದುಕೊಂಡಳು. ನಾನು ಬಾಯಿ ಬಿಡಿಸಿ ಒಂದು ಚಮಚ ಹೊಯ್ದೆ. ಉಗುಳಿತೆಂದು ಇನ್ನರ್ಧ ಹಾಕಿದೆ.

ಭೇದಿ ನಿಲ್ಲಲೇ ಇಲ್ಲ. ಸೋಮವಾರ ಬೆಳಗ್ಗೆ ಗೋಣಿಚೀಲದ ಮೇಲೆ ಮರಿ ತಣ್ಣಗೆ ಮಲಗಿತ್ತು. ಹಿತ್ತಲಲ್ಲಿ ಗುಂಡಿ ತೋಡಿದೆ.

"ಹುಳ ಸಾಯಿಸ್ಬಿಡ್ತಾ ಅಪ್ಪ?" ಎಂದಳು ಲಲಿತಾ.

ಹೂಂ ಎಂದೆ.

ಅದರ ಜೊತೆ ಹುಟ್ಟಿದ ಇನ್ನೊಂದು ಮರಿಯ ಹೊಟ್ಟೆಯೂ ಉಬ್ಬಿತ್ತು. ಹರಳೆಣ್ಣೆ ಸೀಸೆಗೆ ಕೈ ಹಾಕುವ ಧೈರ್ಯ ಬರಲಿಲ್ಲ. ಆಫೀಸಿಗೆ ರಜೆ ಹಾಕಿ, ಮರಿಯನ್ನೂ ತಾಯಿಯನ್ನೂ ಬುಟ್ಟಿಯಲ್ಲಿಟ್ಟುಕೊಂಡು ಅದೇ ಎರಡು ಬಸ್ ಹತ್ತಿದೆ.

ಡಾಕ್ಟರು ಎರಡನ್ನೂ ತಕ್ಕಡಿಗಿಟ್ಟು ತೂಗಿದರು. "ತೂಕ ನೋಡಿ ತೊಟ್ಟು ಎಣಿಸಿ ಕೊಡ್ಬೇಕು ಸಾರ್. ಒಂದಕ್ಕೆ ಹುಳ ಬಂದ್ರೆ ಮನೇಲಿರೋ ಎಲ್ಲಕ್ಕೂ ಕೊಡ್ಬೇಕು. ಎರಡು ವಾರ ಬಿಟ್ಟು ಇನ್ನೊಂದ್ ಸಲ. ಅವು ಕಕ್ಕ ಮಾಡಿದ್ದನ್ನ ದಿನಾ ಎತ್ತಿ ದೂರ ಹೂತ್ಬಿಡಿ, ಇಲ್ದಿದ್ರೆ ಮತ್ತೆ ಹತ್ಕೊಳ್ಳುತ್ತೆ. ಅಂದ ಹಾಗೆ, ಸತ್ತಿದ್ದಕ್ಕೆ ಏನ್ ಕೊಟ್ರಿ?"

ಹೇಳಿದೆ.

"ಹುಳಕ್ಕೆ ಅಷ್ಟು ಬೇಗ ಸಾಯ್ತಿರ್ಲಿಲ್ಲ ಸಾರ್. ಭೇದಿಗೆ ಸತ್ತಿದೆ" ಎಂದು ಕೈ ತೊಳೆಯಲು ಎದ್ದರು.

ನಾವೆಲ್ಲ ಹೀಗೇ ಅಲ್ಲವೇ? ಮಗುವಿನ ಜ್ವರಕ್ಕೆ ಪಕ್ಕದ ಮನೆಯಲ್ಲಿ ಉಳಿದ ಮಿಕ್ಸ್ಚರ್, ಹೆಂಡತಿಯ ತಲೆನೋವಿಗೆ ಹೆಡ್‌ಕ್ಲರ್ಕ್ ಹೇಳಿದ ಮಾತ್ರೆ. ಬದುಕಿಕೊಂಡರೆ ನಮ್ಮ ಕೈಗುಣ, ಸತ್ತರೆ ರೋಗ. ನನಗೆ ನನ್ನ ಮೇಲೇ ಹೇಸಿಗೆಯಾಗಿದೆ.

ಸಂಜೆ ಔಷಧಿಯ ತೊಟ್ಟು ಎಣಿಸಿ ಚಮಚಕ್ಕೆ ಹಾಕಿದೆ. ಚಮಚವನ್ನು ನನ್ನಾಕೆಗೆ ಕೊಡಲು ಹೋದೆ. ಲಲಿತಾ ಬಿಡಲಿಲ್ಲ.

"ಅಪ್ಪಾನೇ ಕುಡಿಸ್ಲಿ. ಅಪ್ಪಂಗೆ ಗೊತ್ತು" ಎಂದಳು.

ನನ್ನಾಕೆ ನನ್ನ ಮುಖ ನೋಡಿದಳು. ಕುಡಿಸಿದೆ. ಇದನ್ನು ಬರೆಯುವ ಹೊತ್ತಿಗೆ ತಾಯಿ, ಮರಿ ಎರಡೂ ಬದುಕಿವೆ. ಮಗಳಿಗೆ ಮಾತ್ರ ನಾನಿನ್ನೂ ನಿಜ ಹೇಳಿಲ್ಲ.

ಅವಳಿಗಿನ್ನೂ ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.